ಬೇಕಾದ ಫೀಲ್ಡ್ ಮಾತ್ರ ಕೇಳುವುದು: ವೆಬ್ ಸರ್ವಿಸ್‌ಗಳಲ್ಲಿ ಯಾವ ದಾರಿ ಯಾರಿಗೆ?

ಪುಸ್ತಕಗಳ ಪಟ್ಟಿ ತೋರಿಸುವ ಒಂದು ಮೊಬೈಲ್ ಪರದೆ ಇದೆ ಎಂದುಕೊಳ್ಳಿ. ಅದಕ್ಕೆ ಬೇಕಿರುವುದು ಮೂರೇ ಸಂಗತಿ: ಶೀರ್ಷಿಕೆ, ಲೇಖಕರ ಹೆಸರು, ಮುಖಪುಟದ ಕೊಂಡಿ. ಸರ್ವರ್ ಕಳಿಸುವುದು ಪುಸ್ತಕವೊಂದಕ್ಕೆ 40 ಫೀಲ್ಡ್, ಅಂದರೆ ಮಾಹಿತಿಯ 40 ತುಣುಕು. ಪೂರ್ತಿ ವಿವರಣೆ, ವಿಮರ್ಶೆಗಳು, ದಾಸ್ತಾನಿನ ಲೆಕ್ಕ, ಯಾರು ಯಾವಾಗ ತಿದ್ದಿದರು ಎಂಬ ದಾಖಲೆ ಎಲ್ಲವೂ ಅದರಲ್ಲಿ ಬರುತ್ತವೆ. ಪಟ್ಟಿಯಲ್ಲಿ 50 ಪುಸ್ತಕಗಳಿದ್ದರೆ ಫೋನು 2,000 ಮೌಲ್ಯಗಳನ್ನು ಇಳಿಸಿಕೊಂಡು, ಬಿಡಿಸಿ ಓದಿ, 150ನ್ನು ಮಾತ್ರ ಬಳಸಿ ಉಳಿದದ್ದನ್ನು ಎಸೆಯುತ್ತದೆ. ಬಳಕೆದಾರ ಪರದೆ ಜಾರಿಸಿದಂತೆಲ್ಲ ಇದೇ ಕೆಲಸ ಮತ್ತೆ ನಡೆಯುತ್ತದೆ.

ಇದನ್ನು ಸರಿಪಡಿಸಲು ಹೊರಟ ತಂಡಗಳಲ್ಲಿ ಚರ್ಚೆ ಸಾಮಾನ್ಯವಾಗಿ "ರೆಸ್ಟ್ ಸಾಕೋ, ಗ್ರಾಫ್‌ಕ್ಯೂಎಲ್ ಬೇಕೋ" ಎಂಬಲ್ಲಿಂದ ಶುರುವಾಗುತ್ತದೆ. ಒಂದೊಂದು ವಸ್ತುವಿಗೆ ಒಂದೊಂದು ವೆಬ್ ವಿಳಾಸ ಇಟ್ಟು ಡೇಟಾ ಕೊಡುವ ಪದ್ಧತಿ ರೆಸ್ಟ್, ಬೇಕಾದ ಫೀಲ್ಡ್‌ಗಳನ್ನು ಬರೆದು ಕೇಳುವ ಭಾಷೆ ಗ್ರಾಫ್‌ಕ್ಯೂಎಲ್. ನನ್ನ ಅನುಭವದಲ್ಲಿ ಅದು ಎರಡನೆಯ ಪ್ರಶ್ನೆ. ಬೇಡದ್ದನ್ನು ಯಾವ ಜಾಗದಲ್ಲಿ ಕೈಬಿಡಬೇಕು, ಆ ಕೆಲಸದ ಹೊರೆ ಯಾರು ಹೊರಬೇಕು ಎಂಬುದು ಮೊದಲನೆಯದು. ಅದಕ್ಕೆ ಉತ್ತರ ಸಿಕ್ಕರೆ ಉಪಕರಣದ ಆಯ್ಕೆ ಬಹುಮಟ್ಟಿಗೆ ತಾನಾಗಿಯೇ ಆಗುತ್ತದೆ.

ಆಯುವುದು ಬೇರೆ, ಸೋಸುವುದು ಬೇರೆ

ಒಂದು ದಾಖಲೆಯಲ್ಲಿ ಯಾವ ಫೀಲ್ಡ್‌ಗಳು ಬೇಕು ಎನ್ನುವುದು ಆಯ್ಕೆ. ಯಾವ ದಾಖಲೆಗಳು ಬೇಕು ಎನ್ನುವುದು ಸೋಸುವಿಕೆ. ಡೇಟಾಬೇಸ್ ಬಲ್ಲವರಿಗೆ ಇದು ಕಾಲಮ್ ಮತ್ತು ಸಾಲಿನ ವ್ಯತ್ಯಾಸ. ಎಪಿಐ, ಅಂದರೆ ಒಂದು ಪ್ರೋಗ್ರಾಮ್ ಇನ್ನೊಂದರಿಂದ ಡೇಟಾ ಕೇಳುವ ದ್ವಾರದ ವಿಷಯ ಬಂದಾಗ ಮಾತ್ರ ಎರಡನ್ನೂ "ಫಿಲ್ಟರ್" ಎಂದೇ ಕರೆದು ಕಲಸಿಬಿಡುತ್ತೇವೆ.

ಎರಡರ ವೆಚ್ಚ ಒಂದೇ ಅಲ್ಲ. ಆಯ್ಕೆಯನ್ನು ಕ್ಲೈಂಟ್ ಕಡೆ (ಡೇಟಾ ಕೇಳುವ ಫೋನು ಅಥವಾ ಪ್ರೋಗ್ರಾಮಿನ ಕಡೆ) ಮಾಡಿದರೆ ಆಗುವ ನಷ್ಟ ಹೆಚ್ಚೆಂದರೆ ಒಂದಿಷ್ಟು ಬೈಟ್‌ಗಳದ್ದು. ಸೋಸುವಿಕೆಯನ್ನು ಕ್ಲೈಂಟ್ ಕಡೆ ಮಾಡಿದರೆ ಉತ್ತರವೇ ತಪ್ಪಾಗಬಹುದು. ಸರ್ವರ್ ಪುಟಕ್ಕೆ 100ರಂತೆ ಕೊಡುತ್ತಿದೆ ಎನ್ನಿ. ಮೊದಲ ಪುಟ ತರಿಸಿಕೊಂಡು ಅದರಲ್ಲಿ "2020ರ ನಂತರ ಪ್ರಕಟವಾದವು" ಎಂದು ಹುಡುಕಿದರೆ ಮೂರು ಸಿಗಬಹುದು. ಮೂರೇ ಇವೆ ಎಂದು ಪರದೆ ಹೇಳುತ್ತದೆ. ಉಳಿದವು ಹನ್ನೆರಡನೇ ಪುಟದಲ್ಲಿ ಕುಳಿತಿರುತ್ತವೆ. ಎಲ್ಲೂ ದೋಷದ ಸಂದೇಶ ಬರುವುದಿಲ್ಲ, ಪರೀಕ್ಷೆಗೆ ಇಟ್ಟ ಸಣ್ಣ ಡೇಟಾದಲ್ಲಂತೂ ಎಲ್ಲವೂ ಸರಿಯಾಗಿಯೇ ಕಾಣುತ್ತದೆ. ಹಾಗಾಗಿ ಈ ಒಂದು ವಿಷಯದಲ್ಲಿ ನಾನು ರಾಜಿಯಾಗುವುದಿಲ್ಲ: ಪುಟಗಳಾಗಿ ಬರುವ ಡೇಟಾದಲ್ಲಿ ಸೋಸುವಿಕೆ ಸರ್ವರ್‌ನಲ್ಲೇ ಆಗಬೇಕು. ಇಲ್ಲವಾದರೆ ಎಲ್ಲ ಪುಟಗಳನ್ನೂ ತರಿಸಿಕೊಂಡ ಮೇಲಷ್ಟೇ ಸೋಸಬೇಕು.

ದಿನವೂ ಬಳಸುವ ಉಪಕರಣಗಳಲ್ಲೇ ಈ ಎರಡು ಜಾಗಗಳು ಅಕ್ಕಪಕ್ಕ ಇರುತ್ತವೆ. ಅಮೆಜಾನ್ ವೆಬ್ ಸರ್ವಿಸಸ್‌ನ ಕಮಾಂಡ್ ಲೈನ್‌ನಲ್ಲಿ "ಫಿಲ್ಟರ್ಸ್" ಎಂಬ ಆಯ್ಕೆ ಸರ್ವರ್‌ಗೆ ಹೋಗುತ್ತದೆ, "ಕ್ವೆರಿ" ಎಂಬುದು ಉತ್ತರ ಬಂದ ಮೇಲೆ ನಮ್ಮ ಯಂತ್ರದಲ್ಲಿ ಓಡುತ್ತದೆ. ಔಟ್‌ಪುಟ್ ರೂಪ "ಟೆಕ್ಸ್ಟ್" ಎಂದಿದ್ದರೆ ಆ ಕ್ವೆರಿ ಪ್ರತಿ ಪುಟಕ್ಕೂ ಬೇರೆ ಬೇರೆಯಾಗಿ ಓಡುತ್ತದೆ. "ಮೊದಲನೆಯದು ಮಾತ್ರ ಕೊಡು" ಎಂದರೆ ಪುಟಕ್ಕೊಂದರಂತೆ ಹಲವು ಬಂದು ಬೀಳುತ್ತವೆ. ಹಲವು ಯಂತ್ರಗಳಲ್ಲಿ ಪ್ರೋಗ್ರಾಮ್‌ಗಳನ್ನು ಓಡಿಸುವ ಕ್ಯೂಬರ್ನೆಟಿಸ್ ವ್ಯವಸ್ಥೆಯ ಕಮಾಂಡ್ ಲೈನ್ ಉಪಕರಣ ಕ್ಯೂಬ್‌ಸಿಟಿಎಲ್‌ನಲ್ಲೂ ಹೀಗೆಯೇ. ಫೀಲ್ಡ್ ಸೆಲೆಕ್ಟರ್ ಸರ್ವರ್ ಕಡೆಯದು, ಅದು ಒಪ್ಪುವ ಫೀಲ್ಡ್‌ಗಳು ಬೆರಳೆಣಿಕೆಯಷ್ಟು. ಜೆಸನ್ (ಹೆಸರು-ಮೌಲ್ಯ ಜೋಡಿಗಳಾಗಿ ಡೇಟಾ ಬರೆಯುವ ಪಠ್ಯ ರೂಪ) ಒಳಗಿನ ಜಾಗ ಗುರುತಿಸುವ ಜೆಸನ್‌ಪಾತ್ ಔಟ್‌ಪುಟ್ ನಮ್ಮ ಕಡೆಯದು, ಅಲ್ಲಿ ಯಾವ ಫೀಲ್ಡನ್ನಾದರೂ ಹಿಡಿಯಬಹುದು, ಆದರೆ ಅಷ್ಟೊತ್ತಿಗೆ ಇಡೀ ಪಟ್ಟಿ ನೆಟ್‌ವರ್ಕ್ ದಾಟಿ ಬಂದಾಗಿರುತ್ತದೆ.

ಸರಳ ಪಟ್ಟಿಯ ದಾರಿ

ಯುಆರ್‌ಎಲ್‌ನ ಕೊನೆಗೆ "ಫೀಲ್ಡ್ಸ್" ಎಂಬ ಪ್ಯಾರಾಮೀಟರ್ ಸೇರಿಸಿ, ಬೇಕಾದ ಹೆಸರುಗಳನ್ನು ಅಲ್ಪವಿರಾಮದಿಂದ ಬರೆಯುವುದು ಎಲ್ಲಕ್ಕಿಂತ ಹಳೆಯ, ಎಲ್ಲಕ್ಕಿಂತ ಅಗ್ಗದ ಉಪಾಯ. ಸರ್ವರ್ ಕಡೆ ಒಂದು ದಿನದ ಕೆಲಸ. ಬ್ರೌಸರ್‌ನಲ್ಲೇ ಬರೆದು ಪರೀಕ್ಷಿಸಬಹುದು, ಲಾಗ್‌ನಲ್ಲಿ ಕಣ್ಣಿಗೆ ಬೀಳುತ್ತದೆ, ಜಿಇಟಿ (ಓದಲು ಮಾತ್ರ ಕೇಳುವ) ವಿನಂತಿಯಾಗಿಯೇ ಉಳಿಯುವುದರಿಂದ ಕ್ಯಾಶ್ ಆಗುತ್ತದೆ, ಅಂದರೆ ಉತ್ತರವನ್ನು ಉಳಿಸಿಟ್ಟು ಮತ್ತೆ ಬಳಸಬಹುದು.

ಒಳಗೊಳಗೆ ಹುದುಗಿರುವ ಫೀಲ್ಡ್‌ಗಳು ಬಂದಾಗ ಬರೆಯುವ ರೀತಿ ಒಂದೊಂದು ಕಡೆ ಒಂದೊಂದು. ಗೂಗಲ್ ಡ್ರೈವ್ ಎಪಿಐಯಲ್ಲಿ ಆವರಣ ಚಿಹ್ನೆ ಬಳಸಿ "ಫೈಲ್ಸ್ ಒಳಗಿನ ಐಡಿ ಮತ್ತು ಹೆಸರು" ಎಂದು ಕೇಳಬಹುದು. ಜೆಸನ್ ಎಪಿಐ ಎಂಬ ವಿಶೇಷಣ (ಎಪಿಐ ಹೇಗಿರಬೇಕೆಂದು ಬರೆದಿಟ್ಟ ನಿಯಮಾವಳಿ) 2015ರಲ್ಲಿ ತನ್ನ 1.0 ಆವೃತ್ತಿಯಲ್ಲೇ ಇದನ್ನು ಬೇರೆ ರೀತಿ ಬಗೆಹರಿಸಿತು. ಅಲ್ಲಿ ಪಟ್ಟಿ ಇಡೀ ಉತ್ತರಕ್ಕೆ ಒಂದಲ್ಲ, ಪ್ರತಿ ಬಗೆಯ ವಸ್ತುವಿಗೆ ಒಂದು. ಪುಸ್ತಕಕ್ಕೆ ಶೀರ್ಷಿಕೆ ಸಾಕು, ಲೇಖಕರಿಗೆ ಹೆಸರು ಸಾಕು ಎಂದು ಒಂದೇ ವಿನಂತಿಯಲ್ಲಿ ಬೇರೆ ಬೇರೆಯಾಗಿ ಹೇಳಬಹುದು. ಒಂದೇ ಲೇಖಕರು ಹತ್ತು ಪುಸ್ತಕಗಳಲ್ಲಿ ಬಂದರೂ ನಿಯಮ ಒಮ್ಮೆ ಬರೆದರೆ ಸಾಕು. ನನಗೆ ಇದು ಬಹಳ ಹಿಡಿಸಿದ ಯೋಚನೆ. ಸೋಸುವಿಕೆಯ ವಿಷಯದಲ್ಲಿ ಮಾತ್ರ ಜೆಸನ್ ಎಪಿಐ "ಫಿಲ್ಟರ್" ಎಂಬ ಹೆಸರನ್ನು ಕಾದಿರಿಸಿ ಸುಮ್ಮನಾಗುತ್ತದೆ. ಅದರೊಳಗೆ ಏನು ಬರೆಯಬೇಕು ಎಂಬುದು ಆಯಾ ಸರ್ವರ್‌ಗೆ ಬಿಟ್ಟದ್ದು.

ಈ ದಾರಿ ಹಿಡಿದರೆ ತೀರ್ಮಾನಿಸಬೇಕಾದ ಮುಖ್ಯ ಸಂಗತಿ ಒಂದಿದೆ: ಏನೂ ಕೇಳದಿದ್ದಾಗ ಏನು ಕೊಡಬೇಕು? ಎಲ್ಲವನ್ನೂ ಕೊಡುವುದು ಒಂದು ಪದ್ಧತಿ. ಡ್ರೈವ್ ಎಪಿಐಯ ಮೂರನೇ ಆವೃತ್ತಿ ಐಡಿ, ಹೆಸರು, ಫೈಲಿನ ಬಗೆ ಮುಂತಾದ ಕೆಲವನ್ನಷ್ಟೇ ಕೊಡುತ್ತದೆ. ಮೈಕ್ರೋಸಾಫ್ಟ್ ಗ್ರಾಫ್‌ನಲ್ಲಿ ಬಳಕೆದಾರರ ಮಾಹಿತಿ ಕೇಳಿದಾಗಲೂ ಅಷ್ಟೇ, ಉಳಿದ ಫೀಲ್ಡ್‌ಗಳನ್ನು ಹೆಸರು ಹಿಡಿದೇ ಕೇಳಬೇಕು. ಇನ್ನೊಂದು ತುದಿಯಲ್ಲಿ ಗೂಗಲ್‌ನ ಹೊಸ ಪ್ಲೇಸಸ್ ಎಪಿಐ ಇದೆ. ಅಲ್ಲಿ ಸ್ಥಳವೊಂದರ ವಿವರ ಕೇಳುವಾಗ ಫೀಲ್ಡ್ ಮಾಸ್ಕ್ (ಬೇಕಾದ ಫೀಲ್ಡ್‌ಗಳ ಪಟ್ಟಿ) ಕಳಿಸದಿದ್ದರೆ ದೋಷವೇ ಉತ್ತರ. ಯಾವ ಫೀಲ್ಡ್ ಕೇಳಿದಿರಿ ಎಂಬುದರ ಮೇಲೆ ಶುಲ್ಕವೂ ಬದಲಾಗುತ್ತದೆ. ಹೊಸದಾಗಿ ಎಪಿಐ ಕಟ್ಟುವವರಿಗೆ ನನ್ನ ಸಲಹೆ ನಡುವಿನದು: ಸಣ್ಣ ಡಿಫಾಲ್ಟ್ ಗುಂಪು, ಉಳಿದದ್ದು ಕೇಳಿದರೆ ಮಾತ್ರ. "ಎಲ್ಲವೂ" ಡಿಫಾಲ್ಟ್ ಆಗಿಬಿಟ್ಟರೆ ಮುಂದೆ ಯಾವ ಫೀಲ್ಡನ್ನೂ ತೆಗೆಯಲು ಧೈರ್ಯ ಸಾಲದು, ಯಾರು ಯಾವುದನ್ನು ನೆಚ್ಚಿಕೊಂಡಿದ್ದಾರೋ ತಿಳಿಯುವುದಿಲ್ಲ.

ಪಾವತಿ ಸೇವೆ ಕೊಡುವ ಸ್ಟ್ರೈಪ್ ಇದನ್ನೇ ತಿರುಗಿಸಿ ಮಾಡಿದೆ. ಸಂಬಂಧಿಸಿದ ವಸ್ತುಗಳ ಜಾಗದಲ್ಲಿ ಮೊದಲಿಗೆ ಐಡಿ ಮಾತ್ರ ಇರುತ್ತದೆ. ಬೇಕೆಂದವರು "ಎಕ್ಸ್‌ಪ್ಯಾಂಡ್" ಎಂದು ಹೇಳಿ ಅದನ್ನು ಪೂರ್ತಿ ವಸ್ತುವಾಗಿ ಬಿಡಿಸಿಕೊಳ್ಳಬಹುದು, ನಾಲ್ಕು ಹಂತದ ಆಳದವರೆಗೆ. ನಿಮ್ಮ ಉತ್ತರಗಳು ಉಬ್ಬುತ್ತಿರುವುದು ಫೀಲ್ಡ್‌ಗಳ ಸಂಖ್ಯೆಯಿಂದಲ್ಲ, ಒಳಗೆ ತುಂಬಿಕೊಂಡ ವಸ್ತುಗಳಿಂದ ಎಂದಾದರೆ ಇದೇ ಸಾಕು.

ಒಂದು ಎಚ್ಚರಿಕೆ. ಸರ್ವರ್ ಡೇಟಾಬೇಸ್‌ನಿಂದ ಇಡೀ ಸಾಲನ್ನು ಎತ್ತಿ ತಂದು, ಕಳಿಸುವ ಮುಂಚೆ ಬೇಡದ್ದನ್ನು ಕಳಚಿ ಹಾಕುತ್ತಿದ್ದರೆ ಉಳಿತಾಯವಾಗುವುದು ನೆಟ್‌ವರ್ಕ್ ಹೊರೆ ಮಾತ್ರ. ಅದೂ ನೀವು ಅಂದುಕೊಂಡಷ್ಟು ಇರಲಾರದು. ಜೆಸನ್‌ನಲ್ಲಿ ಫೀಲ್ಡ್ ಹೆಸರುಗಳು ಮತ್ತೆ ಮತ್ತೆ ಬರುವುದರಿಂದ ಕಳಿಸುವ ಮುಂಚೆ ಗಾತ್ರ ಕುಗ್ಗಿಸುವ ಜಿಜಿಪ್ ಅದನ್ನು ಚೆನ್ನಾಗಿ ಅಮುಕುತ್ತದೆ. ಅಳೆಯುವುದಾದರೆ ಅಮುಕಿದ ಗಾತ್ರವನ್ನೇ ಅಳೆಯಿರಿ. ಫೋನಿನಲ್ಲಿ ಬಿಡಿಸಿ ಓದುವ ಹೊತ್ತು ಮತ್ತು ಮೆಮೊರಿ ಮಾತ್ರ ಅಮುಕದ ಗಾತ್ರಕ್ಕೆ ಸೇರಿದ್ದು, ಅದರ ಉಳಿತಾಯ ನಿಜವಾದದ್ದೇ. ಹಾಗೆಯೇ ಲೆಕ್ಕ ಹಾಕಿ ತುಂಬಬೇಕಾದ ಫೀಲ್ಡ್‌ಗಳಿದ್ದರೆ, ಉದಾಹರಣೆಗೆ ವಿಮರ್ಶೆಗಳ ಸರಾಸರಿ, ಕೇಳದವರಿಗೆ ಆ ಲೆಕ್ಕವನ್ನೇ ಮಾಡದಿರುವುದರಲ್ಲಿ ದೊಡ್ಡ ಲಾಭವಿದೆ.

ಓಡೇಟಾ

ಸೋಸುವಿಕೆಗೂ ಒಂದು ಸಿದ್ಧ ಭಾಷೆ ಬೇಕು ಎನ್ನುವವರಿಗೆ ಓಡೇಟಾ ಇದೆ. ಮೈಕ್ರೋಸಾಫ್ಟ್‌ನಲ್ಲಿ ಹುಟ್ಟಿದ ಇದರ 4.0 ಆವೃತ್ತಿ 2014ರಲ್ಲಿ ಓಯಾಸಿಸ್ ಎಂಬ ಸಂಸ್ಥೆಯ ಮಾನದಂಡವಾಯಿತು, 2016ರಲ್ಲಿ ಐಎಸ್‌ಓ ಮನ್ನಣೆ ಪಡೆಯಿತು. ಸೆಲೆಕ್ಟ್, ಫಿಲ್ಟರ್, ಎಕ್ಸ್‌ಪ್ಯಾಂಡ್, ಆರ್ಡರ್‌ಬೈ, ಟಾಪ್, ಸ್ಕಿಪ್ ಎಲ್ಲಕ್ಕೂ ಡಾಲರ್ ಚಿಹ್ನೆಯಿಂದ ಶುರುವಾಗುವ ನಿಗದಿತ ಹೆಸರಿದೆ. ಹೋಲಿಕೆ, ತರ್ಕ, ಪಠ್ಯದೊಳಗೆ ಹುಡುಕಾಟ ಎಲ್ಲಕ್ಕೂ ನಿಗದಿತ ವ್ಯಾಕರಣವಿದೆ. ವರದಿ ತೆಗೆಯುವ ಉಪಕರಣಗಳು, ಸ್ಪ್ರೆಡ್‌ಶೀಟ್‌ಗಳು ನೇರವಾಗಿ ಇದರ ಜೊತೆ ಮಾತಾಡಬಲ್ಲವು. ಕಚೇರಿಯೊಳಗಿನ ಡೇಟಾವನ್ನು ಹತ್ತಾರು ವಿಭಾಗಗಳು ತಮಗೆ ಬೇಕಾದಂತೆ ಸೋಸಿಕೊಳ್ಳಬೇಕಾದ ಜಾಗದಲ್ಲಿ ಇದು ನಿಜಕ್ಕೂ ಉಪಕಾರಿ.

ತೊಂದರೆ ಇರುವುದು ಬಡಿಸುವವರ ಕಡೆ. ಇಷ್ಟು ದೊಡ್ಡ ಭಾಷೆಯನ್ನು ಪೂರ್ತಿ ಪಾಲಿಸುವ ಸರ್ವರ್‌ಗಳು ಕಡಿಮೆ. ಮೈಕ್ರೋಸಾಫ್ಟ್ ಗ್ರಾಫ್‌ನಲ್ಲೇ ಎಲ್ಲ ಫೀಲ್ಡ್‌ಗಳೂ ಫಿಲ್ಟರ್‌ಗೆ ಒಗ್ಗುವುದಿಲ್ಲ, ಕೆಲವು ಕ್ವೆರಿಗಳಿಗೆ ಪ್ರತ್ಯೇಕ ಹೆಡರ್ (ವಿನಂತಿಯ ಜೊತೆ ಹೋಗುವ ಸಣ್ಣ ಟಿಪ್ಪಣಿ) ಬೇಕು. ಇಂಡೆಕ್ಸ್ (ಬೇಗ ಹುಡುಕಲು ಇಟ್ಟ ಸೂಚಿ) ಇಲ್ಲದ ಫೀಲ್ಡ್ ಮೇಲೆ ಯಾರೋ ಬರೆದ ಒಂದು ಫಿಲ್ಟರ್ ಇಡೀ ಡೇಟಾಬೇಸನ್ನು ಏದುಸಿರು ಬಿಡಿಸಬಲ್ಲದು. ಹೊರಗಿನವರಿಗೆಲ್ಲ ತೆರೆದಿಡುವ ಎಪಿಐಗೆ ನಾನು ಇದನ್ನು ಆರಿಸುವುದಿಲ್ಲ. ಸೋಸಲು ಅನುಮತಿಸುವ ಐದಾರು ಫೀಲ್ಡ್‌ಗಳನ್ನು ಹೆಸರಿಸಿ, ಪ್ರತಿಯೊಂದಕ್ಕೂ ಇಂಡೆಕ್ಸ್ ಇಟ್ಟು, ಅಷ್ಟನ್ನೇ ಕೊಡುತ್ತೇನೆ.

ಗ್ರಾಫ್‌ಕ್ಯೂಎಲ್

ಫೇಸ್‌ಬುಕ್ 2012ರಲ್ಲಿ ತನ್ನ ಮೊಬೈಲ್ ಆ್ಯಪ್‌ಗಾಗಿ ಒಳಗೊಳಗೇ ಬಳಸತೊಡಗಿದ ಇದು 2015ರಲ್ಲಿ ಹೊರಬಂತು. ಇದರ ಚೆಲುವಿರುವುದು ಕೇಳಿಕೆಗೂ ಉತ್ತರಕ್ಕೂ ಒಂದೇ ಆಕಾರ ಇರುವುದರಲ್ಲಿ. ಪುಸ್ತಕ, ಅದರೊಳಗೆ ಲೇಖಕ, ಲೇಖಕರೊಳಗೆ ಅವರ ಇತರ ಕೃತಿಗಳ ಶೀರ್ಷಿಕೆ ಎಂದು ಬರೆದರೆ ಉತ್ತರವೂ ಅದೇ ಅಚ್ಚಿನಲ್ಲಿ ಬರುತ್ತದೆ. ಮೂರು ಸಲ ಓಡಾಡುವ ಬದಲು ಒಂದೇ ಸಲ. "ಎಲ್ಲ ಫೀಲ್ಡ್ ಕೊಡು" ಎನ್ನುವ ಚಿಹ್ನೆ ಈ ಭಾಷೆಯಲ್ಲಿ ಇಲ್ಲವೇ ಇಲ್ಲ. ಪ್ರತಿಯೊಂದನ್ನೂ ಹೆಸರಿಸಬೇಕು. ಮೊದಮೊದಲು ಬೇಸರ ತರಿಸುವ ಈ ಕಟ್ಟುಪಾಡೇ ಎಪಿಐ ನಡೆಸುವವರಿಗೆ ದೊಡ್ಡ ವರ. ಯಾವ ಫೀಲ್ಡನ್ನು ಯಾರು ಇನ್ನೂ ಬಳಸುತ್ತಿದ್ದಾರೆ ಎಂದು ಖಚಿತವಾಗಿ ತಿಳಿಯುತ್ತದೆ. ಯಾರೂ ಬಳಸದ್ದನ್ನು ನೆಮ್ಮದಿಯಿಂದ ತೆಗೆದುಹಾಕಬಹುದು.

ಹಲವರು ತಪ್ಪು ತಿಳಿದಿರುವುದು ಸೋಸುವಿಕೆಯ ಬಗ್ಗೆ. ಗ್ರಾಫ್‌ಕ್ಯೂಎಲ್ ವಿಶೇಷಣದಲ್ಲಿ ಫಿಲ್ಟರ್ ಎಂಬುದಕ್ಕೆ ವ್ಯಾಕರಣವಿಲ್ಲ. ಫೀಲ್ಡ್‌ಗಳಿಗೆ ಆರ್ಗ್ಯುಮೆಂಟ್ ಕೊಡಬಹುದು, ಅಷ್ಟೇ. ಆ ಆರ್ಗ್ಯುಮೆಂಟ್‌ಗಳು ಏನು, ಅವು ಏನು ಮಾಡುತ್ತವೆ ಎಂಬುದನ್ನು ನೀವೇ ಕಟ್ಟಬೇಕು. "ಬೆಲೆ ಇಷ್ಟಕ್ಕಿಂತ ಕಡಿಮೆ, ಭಾಷೆ ಇಂಥದ್ದು" ಎಂಬಂಥ ಪ್ರಶ್ನೆಗಳೇ ನಿಮ್ಮ ತಲೆನೋವಾಗಿದ್ದರೆ ಗ್ರಾಫ್‌ಕ್ಯೂಎಲ್‌ಗೆ ಹೋದರೂ ಆ ತಲೆನೋವು ಜೊತೆಯಲ್ಲೇ ಬರುತ್ತದೆ.

ಇನ್ನು ಬೆಲೆ ತೆರಬೇಕಾದ ಜಾಗಗಳು. 50 ಪುಸ್ತಕಗಳ ಪಟ್ಟಿಯಲ್ಲಿ ಪ್ರತಿಯೊಂದರ ಲೇಖಕರನ್ನೂ ಕೇಳಿದರೆ, ಜಾಗರೂಕತೆಯಿಂದ ಬರೆಯದ ಸರ್ವರ್ ಪಟ್ಟಿಗೊಂದು, ಲೇಖಕರಿಗೆ ಐವತ್ತು ಎಂದು ಒಟ್ಟು 51 ಡೇಟಾಬೇಸ್ ಕ್ವೆರಿ ಓಡಿಸುತ್ತದೆ. ಐಡಿಗಳನ್ನು ಒಟ್ಟುಗೂಡಿಸಿ ಒಂದೇ ಸಲ ತರುವ ಡೇಟಾಲೋಡರ್ ಬಗೆಯ ಪದರ ಇರಲೇಬೇಕು. ವಿನಂತಿಗಳು ಸಾಮಾನ್ಯವಾಗಿ ಪೋಸ್ಟ್ (ಸರ್ವರ್‌ಗೆ ಡೇಟಾ ಒಪ್ಪಿಸುವ ಬಗೆ) ಆಗಿ ಹೋಗುವುದರಿಂದ ಎಚ್‌ಟಿಟಿಪಿ ಕ್ಯಾಶ್ ಕೈಬಿಟ್ಟು ಹೋಗುತ್ತದೆ. ಅದನ್ನು ಮರಳಿ ಪಡೆಯಲು ಕ್ವೆರಿಗಳನ್ನು ಮೊದಲೇ ನೋಂದಾಯಿಸಿ, ಅವುಗಳ ಗುರುತನ್ನು ಜಿಇಟಿಯಲ್ಲಿ ಕಳಿಸುವ ಏರ್ಪಾಡು ಮಾಡಬೇಕು. ಒಂದು ಫೀಲ್ಡ್ ಕೈಕೊಟ್ಟರೂ ಸ್ಥಿತಿ ಸಂಖ್ಯೆ ಬಹುಮಟ್ಟಿಗೆ 200 (ಎಲ್ಲ ಸರಿ) ಎಂದೇ ಇರುತ್ತದೆ, ದೋಷದ ಪಟ್ಟಿ ಉತ್ತರದ ಒಳಗಿರುತ್ತದೆ. ಸ್ಥಿತಿ ಸಂಖ್ಯೆ ನೋಡಿ ಗಂಟೆ ಬಾರಿಸುವ ನಿಗಾ ವ್ಯವಸ್ಥೆ ಇದನ್ನು ಗಮನಿಸುವುದೇ ಇಲ್ಲ. ಲೇಖಕ, ಕೃತಿ, ಮತ್ತೆ ಲೇಖಕ, ಮತ್ತೆ ಕೃತಿ ಎಂದು ಸುತ್ತಿ ಸುತ್ತಿ ಆಳಕ್ಕಿಳಿಯುವ ಕ್ವೆರಿಗಳಿಗೆ ಮಿತಿ ಹಾಕಬೇಕು. ಗಿಟ್‌ಹಬ್ ತನ್ನ ಗ್ರಾಫ್‌ಕ್ಯೂಎಲ್ ಎಪಿಐಯಲ್ಲಿ ಪಟ್ಟಿ ಕೇಳುವಾಗ 1ರಿಂದ 100ರೊಳಗೆ ಎಷ್ಟು ಬೇಕೆಂದು ಹೇಳಲೇಬೇಕೆಂದು ಕಟ್ಟುಪಾಡು ಮಾಡಿದೆ. ಒಂದು ಕ್ವೆರಿ ಮುಟ್ಟಬಹುದಾದ ನೋಡ್‌ಗಳಿಗೆ (ಬಿಡಿ ವಸ್ತುಗಳಿಗೆ) 5,00,000ದ ಮಿತಿಯನ್ನೂ ಇಟ್ಟಿದೆ.

ಹಾಗಾದರೆ ಯಾರಿಗೆ ಇದು? ಒಂದೇ ಡೇಟಾವನ್ನು ಹಲವು ಬಗೆಯ ಪರದೆಗಳು ಬೇರೆ ಬೇರೆ ಆಕಾರದಲ್ಲಿ ಬೇಡುತ್ತಿದ್ದು, ಆ ಪರದೆಗಳು ವಾರವಾರ ಬದಲಾಗುತ್ತಿದ್ದು, ಈ ಪದರವನ್ನು ನೋಡಿಕೊಳ್ಳಲು ಜನ ಇದ್ದರೆ ಗ್ರಾಫ್‌ಕ್ಯೂಎಲ್ ತನ್ನ ಬೆಲೆಗೆ ತಕ್ಕ ಪ್ರತಿಫಲ ಕೊಡುತ್ತದೆ. ಎರಡು ಪರದೆ, ನಾಲ್ಕು ಟೇಬಲ್ ಇರುವ ತಂಡಕ್ಕೆ ಮೇಲೆ ಹೇಳಿದ ಸರಳ ಪಟ್ಟಿಯೇ ಸರಿ.

ಸರ್ವರ್ ನಮ್ಮದಲ್ಲದಾಗ

ಬಹಳಷ್ಟು ಸಲ ನಮಗೆ ಆಯ್ಕೆಯೇ ಇರುವುದಿಲ್ಲ. ಯಾರದೋ ಎಪಿಐ ದೊಡ್ಡ ಜೆಸನ್ ಕೊಡುತ್ತದೆ, ಅದರಿಂದ ಬೇಕಾದ್ದನ್ನು ನಾವೇ ಹೆಕ್ಕಬೇಕು. ಇಲ್ಲಿ ನಾಲ್ಕು ಹೆಸರು ಕೇಳಿಬರುತ್ತವೆ, ನಾಲ್ಕರ ಕೆಲಸವೂ ಬೇರೆ.

ಜೆಸನ್ ಪಾಯಿಂಟರ್ 2013ರ ಆರ್‌ಎಫ್‌ಸಿ 6901 (ಅಂತರಜಾಲದ ಮಾನದಂಡಗಳನ್ನು ಬರೆದಿಡುವ ದಾಖಲೆಗಳೇ ಆರ್‌ಎಫ್‌ಸಿ). ಓರೆಗೆರೆಗಳ ದಾರಿಯಲ್ಲಿ ಹೋಗಿ ಒಂದೇ ಒಂದು ಜಾಗವನ್ನು ತೋರಿಸುತ್ತದೆ. ಹುಡುಕುವುದಿಲ್ಲ, ಸೋಸುವುದಿಲ್ಲ. ಕಾನ್ಫಿಗರೇಶನ್‌ನಲ್ಲಿ "ಮೌಲ್ಯ ಇಲ್ಲಿದೆ" ಎಂದು ಬರೆದಿಡಲು ಇದಕ್ಕಿಂತ ನೇರವಾದದ್ದಿಲ್ಲ.

ಜೆಸನ್‌ಪಾತ್ ಅನ್ನು ಸ್ಟೆಫಾನ್ ಗೋಸ್ನರ್ 2007ರಲ್ಲಿ ಎಕ್ಸ್‌ಎಂಎಲ್ ಲೋಕದ ಎಕ್ಸ್‌ಪಾತ್ ಮಾದರಿಯಲ್ಲಿ ರೂಪಿಸಿದರು. ಅದು ಆರ್‌ಎಫ್‌ಸಿ 9535 ಆಗಿ ಮಾನದಂಡವಾದದ್ದು 2024ರಲ್ಲಿ. ನಡುವಿನ 17 ವರ್ಷಗಳಲ್ಲಿ ಪ್ರತಿ ಲೈಬ್ರರಿಯೂ ತನ್ನದೇ ಹಾದಿ ಹಿಡಿಯಿತು. ಹಾಗಾಗಿ ಒಂದು ಕಡೆ ಓಡಿದ ಜೆಸನ್‌ಪಾತ್ ಇನ್ನೊಂದು ಕಡೆ ಓಡುತ್ತದೆಂದು ನಂಬಬೇಡಿ. ನಿಮ್ಮ ಲೈಬ್ರರಿ 9535ನ್ನು ಪಾಲಿಸುತ್ತದೆಯೇ ಎಂದು ಮೊದಲು ನೋಡಿ. ಇನ್ನೊಂದು ಮಿತಿ: ಅದು ಸಿಕ್ಕ ನೋಡ್‌ಗಳನ್ನು ಪಟ್ಟಿಯಾಗಿ ಕೊಡುತ್ತದೆ, ಅವುಗಳಿಂದ ಹೊಸ ಆಕಾರ ಕಟ್ಟುವುದಿಲ್ಲ.

ಹೊಸ ಆಕಾರ ಬೇಕೆಂದರೆ ಜೇಮ್ಸ್‌ಪಾತ್ ಅಥವಾ ಜೆಕ್ಯೂ. ಮೇಲೆ ಹೇಳಿದ ಅಮೆಜಾನ್ ಕಮಾಂಡ್ ಲೈನ್‌ನ "ಕ್ವೆರಿ" ಬರೆಯುವುದು ಜೇಮ್ಸ್‌ಪಾತ್‌ನಲ್ಲೇ. ಇದಕ್ಕೆ ಬರಹದ ವಿಶೇಷಣವೂ ಪರೀಕ್ಷೆಗಳ ಗುಂಪೂ ಇರುವುದರಿಂದ ಬೇರೆ ಬೇರೆ ಪ್ರೋಗ್ರಾಮಿಂಗ್ ಭಾಷೆಗಳಲ್ಲಿ ಒಂದೇ ರೀತಿ ನಡೆದುಕೊಳ್ಳುತ್ತದೆ. ಪ್ರೋಗ್ರಾಮಿನ ಒಳಗೆ ಸೇರಿಸಲು ನನ್ನ ಆಯ್ಕೆ ಇದು. ಟರ್ಮಿನಲ್‌ನಲ್ಲಿ ಕುಳಿತು ಕೆಲಸ ಮಾಡುವಾಗ ಮಾತ್ರ ಜೆಕ್ಯೂ ಸರಿಸಾಟಿಯಿಲ್ಲದ್ದು. ಅದು ಒಂದು ಪೂರ್ಣ ಭಾಷೆ, ಸೋಸಿ, ಗುಂಪು ಮಾಡಿ, ಕೂಡಿಸಿ, ಹೊಸದಾಗಿ ಕಟ್ಟಿ ಕೊಡುತ್ತದೆ. ಹಳೆಯ ಆವೃತ್ತಿ ಬಳಸುವವರು ಒಂದನ್ನು ನೆನಪಿಡಬೇಕು: 1.7ಕ್ಕಿಂತ ಹಿಂದಿನ ಜೆಕ್ಯೂ ದೊಡ್ಡ ಪೂರ್ಣಾಂಕಗಳನ್ನು, ಮುಟ್ಟದೆ ಹಾಗೇ ದಾಟಿಸಿದರೂ, ಕೆಡಿಸುತ್ತದೆ. 9007199254740991 ದಾಟಿದ ಐಡಿಗಳ ಕೊನೆಯ ಅಂಕಿಗಳು ಸದ್ದಿಲ್ಲದೆ ಬದಲಾಗಬಹುದು.

ಉತ್ತರ ಎಕ್ಸ್‌ಎಂಎಲ್‌ನಲ್ಲಿದ್ದರೆ 1999ರ ಎಕ್ಸ್‌ಪಾತ್ 1.0 ಇಂದಿಗೂ ಸಾಕು. ಅಲ್ಲಿ ಎಣಿಕೆ 1ರಿಂದ, ಜೆಸನ್‌ಪಾತ್‌ನಲ್ಲಿ 0ಯಿಂದ.

ಕೇಳಿದ್ದೆಲ್ಲ ಕೊಡುವಂತಿಲ್ಲ

ಈಗ ನನಗೆ ಎಲ್ಲಕ್ಕಿಂತ ಮುಖ್ಯವೆನಿಸುವ ಸಂಗತಿ. ಫೀಲ್ಡ್ ಆಯ್ಕೆ ಅನುಕೂಲಕ್ಕೆ, ಫೀಲ್ಡ್ ಅನುಮತಿ ರಕ್ಷಣೆಗೆ. ಒಂದನ್ನು ಇನ್ನೊಂದರ ಬದಲಿಗೆ ಇಡುವುದು ತೀರಾ ಅಪಾಯಕರ. ಸಾಫ್ಟ್‌ವೇರ್ ಸುರಕ್ಷತೆಗಾಗಿ ಕೆಲಸ ಮಾಡುವ ಓವಾಸ್ಪ್ ಸಂಸ್ಥೆಯ ಎಪಿಐ ಅಪಾಯಗಳ 2019ರ ಪಟ್ಟಿಯಲ್ಲಿ ಮೂರನೆಯದು ಅತಿಯಾದ ಡೇಟಾ ಹೊರಗೆ ಬಿಡುವುದು. ಎಲ್ಲವನ್ನೂ ಕಳಿಸಿ, ತೋರಿಸಬಾರದ್ದನ್ನು ಪರದೆ ಮರೆಮಾಚಲಿ ಎನ್ನುವ ಪದ್ಧತಿ ಅದು. 2023ರ ಪಟ್ಟಿ ಇದನ್ನು ಫೀಲ್ಡ್ ಮಟ್ಟದ ಅನುಮತಿಯ ಲೋಪ ಎಂಬ ವಿಶಾಲ ಶೀರ್ಷಿಕೆಯಡಿ ತಂದಿತು. ಬೇಡದ ತಿದ್ದುಪಡಿಗೆ ಅವಕಾಶ ಕೊಡುವುದೂ ಈಗ ಅದರೊಳಗೇ ಇದೆ.

ಆಯ್ಕೆ ಪಟ್ಟಿ ಬಂದ ಮೇಲೆ ಬಾಗಿಲು ಇನ್ನಷ್ಟು ಅಗಲವಾಗುತ್ತದೆ. ಕ್ಲೈಂಟ್ ಕೊಟ್ಟ ಹೆಸರನ್ನು ನೇರವಾಗಿ ಡೇಟಾಬೇಸ್ ಕಾಲಮ್ ಹೆಸರಿಗೆ ಜೋಡಿಸಿದರೆ, ದಾಖಲೆಗಳಲ್ಲಿ ಎಲ್ಲೂ ಬರೆಯದ ಪಾಸ್‌ವರ್ಡ್ ಹ್ಯಾಶ್ ಕೂಡ ಯಾರೋ ಊಹಿಸಿ ಕೇಳಿದ ಕೂಡಲೇ ಸಿಗುತ್ತದೆ. ಅನುಮತಿಸಿದ ಹೆಸರುಗಳ ಪಟ್ಟಿ ಸರ್ವರ್‌ನಲ್ಲೇ ಇರಬೇಕು, ಅದಕ್ಕೆ ಹೊರಗಿನ ಹೆಸರು ಬಂದರೆ 400 (ತಪ್ಪು ವಿನಂತಿ) ಉತ್ತರ ಕೊಡಬೇಕು.

ಇನ್ನೂ ಸೂಕ್ಷ್ಮವಾದದ್ದು ಫಿಲ್ಟರ್. ಉತ್ತರದಲ್ಲಿ ಫೋನ್ ನಂಬರ್ ತೋರಿಸುವುದಿಲ್ಲ, ಆದರೆ ಫೋನ್ ನಂಬರ್ ಮೇಲೆ ಸೋಸಲು ಬಿಡುತ್ತೀರಿ ಎನ್ನಿ. "9ರಿಂದ ಶುರುವಾಗುತ್ತದೆಯೇ?" ದಾಖಲೆ ಬಂತು. "98ರಿಂದ?" ಬರಲಿಲ್ಲ. "97ರಿಂದ?" ಬಂತು. ಹೀಗೆ ಅಂಕಿಗೆ ಅಂಕಿ ಸೇರಿಸುತ್ತ ಹೋದರೆ ತೋರಿಸದ ನಂಬರ್ ಪೂರ್ತಿ ಕೈಗೆ ಬರುತ್ತದೆ. ಒಂದು ಅಂಕಿಗೆ ಹೆಚ್ಚೆಂದರೆ ಹತ್ತು ಪ್ರಶ್ನೆ, ಹತ್ತಂಕಿಯ ನಂಬರಿಗೆ ನೂರು. ಅಡಗಿಸಿಟ್ಟ ಫೀಲ್ಡ್ ಮೇಲೆ ವಿಂಗಡಿಸಿ ಜೋಡಿಸಲು ಬಿಟ್ಟರೂ ಇದೇ ಗತಿ. ಆದ್ದರಿಂದ ನಿಯಮ ಹೀಗಿರಲಿ: ಒಬ್ಬರಿಗೆ ಓದಲು ಹಕ್ಕಿಲ್ಲದ ಫೀಲ್ಡ್ ಮೇಲೆ ಅವರಿಗೆ ಸೋಸಲೂ ಹಕ್ಕಿಲ್ಲ, ಜೋಡಿಸಲೂ ಹಕ್ಕಿಲ್ಲ.

ಕ್ಯಾಶ್ ಬಗ್ಗೆ ಎರಡು ಮಾತು. "ಶೀರ್ಷಿಕೆ,ಲೇಖಕ" ಮತ್ತು "ಲೇಖಕ,ಶೀರ್ಷಿಕೆ" ಎರಡೂ ಒಂದೇ ಕೇಳಿಕೆ, ಕ್ಯಾಶ್‌ಗೆ ಮಾತ್ರ ಎರಡು ಬೇರೆ ಯುಆರ್‌ಎಲ್. ಕ್ಲೈಂಟ್ ಲೈಬ್ರರಿಯಲ್ಲೇ ಹೆಸರುಗಳನ್ನು ಅಕ್ಷರಕ್ರಮಕ್ಕೆ ತಂದು ಕಳಿಸಿ. ಫೀಲ್ಡ್ ಪಟ್ಟಿಯನ್ನು ಹೆಡರ್‌ನಲ್ಲಿ ಕಳಿಸುವ ಪದ್ಧತಿಯಿದ್ದರೆ ಆ ಹೆಡರ್ ಹೆಸರನ್ನು ಉತ್ತರದ ವೇರಿ ಹೆಡರ್‌ನಲ್ಲಿ (ಉತ್ತರ ಯಾವುದರಿಂದ ಬದಲಾಗುತ್ತದೆ ಎಂದು ಕ್ಯಾಶ್‌ಗೆ ಹೇಳುವ ಜಾಗ) ಸೇರಿಸಲೇಬೇಕು. ಇಲ್ಲದಿದ್ದರೆ ಒಬ್ಬರು ಕೇಳಿದ ಮೂರು ಫೀಲ್ಡ್‌ಗಳ ಉತ್ತರ ಹತ್ತು ಕೇಳಿದವರಿಗೂ ಹೋಗುತ್ತದೆ.

ಅರ್ಧ ಓದಿ ಪೂರ್ತಿ ಬರೆದಾಗ

ನಾನು ಕೆಲಸ ಮಾಡಿದ ಒಂದು ತಂಡದಲ್ಲಿ ಫೀಲ್ಡ್ ಆಯ್ಕೆ ಜಾರಿಗೆ ತಂದ ಕೆಲವೇ ದಿನಗಳಲ್ಲಿ ದಾಖಲೆಗಳ ವಿವರಣೆಗಳು ಒಂದೊಂದಾಗಿ ಖಾಲಿಯಾಗತೊಡಗಿದವು. ಸರ್ವರ್ ಲಾಗ್‌ನಲ್ಲಿ ದೋಷ ಒಂದೂ ಇಲ್ಲ. ಹುಡುಕಿದಾಗ ಸಿಕ್ಕಿದ್ದು ಇಷ್ಟು: ತಿದ್ದುಪಡಿಯ ಪರದೆ ವೇಗ ಹೆಚ್ಚಲೆಂದು ಆರು ಫೀಲ್ಡ್ ಮಾತ್ರ ಓದುತ್ತಿತ್ತು. ಬಳಕೆದಾರರು ಶೀರ್ಷಿಕೆಯಲ್ಲಿ ಒಂದು ಅಕ್ಷರ ತಿದ್ದಿ ಉಳಿಸಿದರೆ, ಆ ಆರು ಫೀಲ್ಡ್‌ಗಳ ವಸ್ತು ಪಿಯುಟಿ ಆಗಿ ವಾಪಸ್ ಹೋಗುತ್ತಿತ್ತು. ಪಿಯುಟಿ ಎಂದರೆ "ಇರುವುದನ್ನು ತೆಗೆದು ಇದನ್ನಿಡು" ಎಂದರ್ಥ. ಸರ್ವರ್ ಹೇಳಿದಂತೆ ಕೇಳಿತು, ಉಳಿದದ್ದನ್ನೆಲ್ಲ ಅಳಿಸಿತು. ಬ್ಯಾಕಪ್‌ನಿಂದ ಬಹುಪಾಲು ಮರಳಿ ಬಂದವು. ಆ ನಡುವೆ ಜನ ಹೊಸದಾಗಿ ಬರೆದಿದ್ದ ಕೆಲವು ವಿವರಣೆಗಳು ಬರಲೇ ಇಲ್ಲ.

ಆಮೇಲೆ ನಾವು ಓದುವ ಆಯ್ಕೆಯ ಜೊತೆಗೆ ಬರೆಯುವ ಆಯ್ಕೆಯನ್ನೂ ಕಡ್ಡಾಯ ಮಾಡಿದೆವು. ತಿದ್ದುಪಡಿಗಳು ಪ್ಯಾಚ್ (ಬದಲಾದ ಭಾಗ ಮಾತ್ರ ಕಳಿಸುವ ವಿನಂತಿ) ಆಗಿಯೇ ಬರಬೇಕು, ಜೊತೆಗೆ ಯಾವ ಫೀಲ್ಡ್‌ಗಳನ್ನು ಮುಟ್ಟುತ್ತಿದ್ದೇವೆ ಎಂಬ ಮಾಸ್ಕ್ ಇರಬೇಕು. ಮಾಸ್ಕ್‌ನಲ್ಲಿ ಹೆಸರಿದ್ದು ಮೌಲ್ಯ ಇಲ್ಲದಿದ್ದರೆ ಅಳಿಸು, ಮಾಸ್ಕ್‌ನಲ್ಲಿ ಹೆಸರೇ ಇಲ್ಲದಿದ್ದರೆ ಮುಟ್ಟಬೇಡ. ಮಾಸ್ಕ್ ಬೇಡವೆನ್ನುವವರಿಗೆ ಆರ್‌ಎಫ್‌ಸಿ 7396ರ ಮರ್ಜ್ ಪ್ಯಾಚ್ ಇದೆ. ಅಲ್ಲಿ ನಲ್ (ಮೌಲ್ಯವಿಲ್ಲ) ಎಂದು ಬರೆದರೆ ಅಳಿಸುವುದು, ಏನೂ ಬರೆಯದಿದ್ದರೆ ಹಾಗೇ ಬಿಡುವುದು. ನಲ್ ಎಂಬುದೇ ಒಂದು ಅರ್ಥವುಳ್ಳ ಮೌಲ್ಯವಾಗಿರುವ ಡೇಟಾದಲ್ಲಿ ಅದು ಕೆಲಸಕ್ಕೆ ಬರುವುದಿಲ್ಲ, ಅಲ್ಲಿ ಮಾಸ್ಕ್ ಬೇಕೇ ಬೇಕು.